ಸೌದೆಯ ಲೆಕ್ಕ ಕೇಳಿದ ವೈದ್ಯ: ಹ್ಯೂ ಕ್ಲೆಘಾರ್ನ್

ಮಕ್ಕಳೇ, ನಿಮ್ಮ ಮನೆಯಲ್ಲಿ ಸೌದೆ ಒಲೆ ಇದೆಯೇ? ಅಡುಗೆಗೆ ಗ್ಯಾಸ್ ಬಂದಿದ್ದರೂ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಸ್ನಾನದ ಹಂಡೆಗೆ ಇಂದಿಗೂ ಸೌದೆಯೇ ಬೇಕು. ಕೊಳ್ಳೇಗಾಲದ ಕಡೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವವರಿಗೂ ಸೌದೆ ಬೇಕು.

ಅಜ್ಜಿ ಒಲೆ ಹಚ್ಚುವುದನ್ನು ಒಮ್ಮೆ ಗಮನಿಸಿ ನೋಡಿ. ಮೊದಲು ಒಣ ತರಗು, ತೆಂಗಿನ ಗರಿ, ಸಣ್ಣ ಪುಳ್ಳೆ. ಅದು ಹತ್ತಿಕೊಂಡ ಮೇಲೆ ಬೇಗ ಉರಿಯುವ ಹಗುರ ಸೌದೆ. ಉರಿ ನಿಂತ ಮೇಲೆ ಜಾಲಿ ಅಥವಾ ಹುಣಸೆಯ ದಪ್ಪ ಕೊರಡು. ಮುದ್ದೆ ಬೇಯುವವರೆಗೂ ಆ ಕೊರಡು ಕೆಂಡವಾಗಿ ಉಳಿದಿರುತ್ತದೆ. ಯಾವ ಮರ ಯಾವ ಕೆಲಸಕ್ಕೆ ಎಂಬುದು ಅಜ್ಜಿಗೆ ಗೊತ್ತು. ಅದನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿಲ್ಲ.

ಆದರೆ ಒಂದು ಊರಿನ, ಒಂದು ಜಿಲ್ಲೆಯ, ಒಂದು ಇಡೀ ಪ್ರಾಂತದ ಜನ ವರ್ಷಕ್ಕೆ ಎಷ್ಟು ಮರ ಕಡಿಯುತ್ತಾರೆ? ಅಷ್ಟೇ ಮರ ಮತ್ತೆ ಬೆಳೆಯುತ್ತಿದೆಯೇ? ಈ ಪ್ರಶ್ನೆಯನ್ನು ಸುಮಾರು 170 ವರ್ಷಗಳ ಹಿಂದೆ ದಕ್ಷಿಣ ಭಾರತದಲ್ಲಿ ಪಟ್ಟುಹಿಡಿದು ಕೇಳಿದವರು ಒಬ್ಬ ವೈದ್ಯರು. ಅವರೇ ಹ್ಯೂ ಕ್ಲೆಘಾರ್ನ್. ನಮ್ಮ ಕೊಳ್ಳೇಗಾಲದ ಕಾಡುಗಳೂ ಅವರ ಇಲಾಖೆಯ ಕೈಕೆಳಗೆ ಇದ್ದವು. ಅದು ಹೇಗೆ ಎಂದು ಮುಂದೆ ನೋಡೋಣ.

ಮದರಾಸಿನಲ್ಲಿ ಹುಟ್ಟಿದ ಹುಡುಗ

ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಘಾರ್ನ್ ಹುಟ್ಟಿದ್ದು 1820ರ ಆಗಸ್ಟ್ 9ರಂದು, ಇಂದಿನ ಚೆನ್ನೈ ಆಗಿರುವ ಮದರಾಸಿನಲ್ಲಿ. ಅವರ ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾಗಿದ್ದರು. ಆ ಕಾಲದ ಬ್ರಿಟಿಷ್ ಅಧಿಕಾರಿಗಳು ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲಿಯೇ ತಮ್ಮ ದೇಶಕ್ಕೆ ಕಳಿಸಿಬಿಡುತ್ತಿದ್ದರು. ಹ್ಯೂ ಕೂಡ ನಾಲ್ಕು ವರ್ಷದ ಹೊತ್ತಿಗೆ ತಂದೆತಾಯಿಯನ್ನು ಬಿಟ್ಟು ಸ್ಕಾಟ್ಲೆಂಡಿಗೆ ಹೋಗಬೇಕಾಯಿತು.

ಅಲ್ಲಿ ಸೇಂಟ್ ಆಂಡ್ರೂಸ್ ಊರಿನ ಹತ್ತಿರ ಸ್ಟ್ರಾವಿತಿ ಎಂಬಲ್ಲಿ ಅವನ ಅಜ್ಜನ ಜಮೀನು ಇತ್ತು. ಹೊಲ, ಗದ್ದೆ, ನೆಟ್ಟು ಬೆಳೆಸಿದ ಮರಗಳ ನಡುವೆ ಹುಡುಗ ಬೆಳೆದ. ಮರವನ್ನು ನೆಡಬೇಕು, ಕಾಯಬೇಕು, ಬೆಳೆದ ಮೇಲೆ ಕಡಿಯಬೇಕು, ಕಡಿದ ಜಾಗದಲ್ಲಿ ಮತ್ತೆ ನೆಡಬೇಕು ಎಂಬ ಕ್ರಮವನ್ನು ಅವನು ಅಲ್ಲಿ ಕಣ್ಣಾರೆ ಕಂಡ.

ಮುಂದೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1841ರಲ್ಲಿ ಪದವಿ ಪಡೆದರು. ಆ ದಿನಗಳಲ್ಲಿ ಬಹುಪಾಲು ಔಷಧಗಳು ಬೇರು, ತೊಗಟೆ, ಎಲೆಗಳಿಂದಲೇ ತಯಾರಾಗುತ್ತಿದ್ದವು. ಆದ್ದರಿಂದ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಕಲಿಯಬೇಕಾಗಿತ್ತು. ಕ್ಲೆಘಾರ್ನ್ ಅವರಿಗೆ ಗಿಡಗಳ ಮೇಲೆ ಒಲವು ಮೂಡಿದ್ದು ಹೀಗೆ. 1842ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ವೈದ್ಯರಾಗಿ ಮತ್ತೆ ಮದರಾಸಿಗೆ ಬಂದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ.

ಶಿವಮೊಗ್ಗದಲ್ಲಿ ದಿನಕ್ಕೊಂದು ಗಿಡ

ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಕ್ಲೆಘಾರ್ನ್ ಅವರನ್ನು ಶಿವಮೊಗ್ಗಕ್ಕೆ ವೈದ್ಯರಾಗಿ ಕಳಿಸಲಾಯಿತು. ಮಲೆನಾಡಿನ ಮಳೆ, ದಟ್ಟ ಕಾಡು, ಹೆಸರೇ ಗೊತ್ತಿಲ್ಲದ ನೂರಾರು ಗಿಡಗಳು! ಎಲ್ಲಿಂದ ಶುರುಮಾಡುವುದು?

ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ಮುಖ್ಯಸ್ಥ ವಿಲಿಯಂ ಹೂಕರ್ ಅವರಿಗೆ ಒಂದು ಸುಲಭ ಉಪಾಯ ಹೇಳಿಕೊಟ್ಟಿದ್ದರು. ಪ್ರತಿದಿನ ಸ್ವಲ್ಪ ಹೊತ್ತು ಒಂದೇ ಒಂದು ಗಿಡವನ್ನು ಚೆನ್ನಾಗಿ ನೋಡಬೇಕು, ಅಷ್ಟೆ. ಕ್ಲೆಘಾರ್ನ್ ಅದನ್ನು ತಪ್ಪದೆ ಪಾಲಿಸಿದರು. ಒಬ್ಬ ಮರಾಠಿ ಚಿತ್ರಗಾರರನ್ನು ಕೆಲಸಕ್ಕೆ ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸಿದರು. ಎಲೆ ಹೇಗಿದೆ, ಹೂವಿಗೆ ಎಷ್ಟು ದಳ, ಮರ ಗಟ್ಟಿಯೋ ಮೆದುವೋ, ಊರವರು ಅದನ್ನು ಏನೆಂದು ಕರೆಯುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂದು ಕೇಳಿ ತಿಳಿದರು.

ಅವರು ಹೀಗೆ ಬರೆಸಿದ ಮತ್ತು ಸಂಗ್ರಹಿಸಿದ ಸಾವಿರಾರು ಚಿತ್ರಗಳು ಇಂದಿಗೂ ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. ಅವುಗಳಲ್ಲಿ ನಮ್ಮ ಕರ್ನಾಟಕದ ಕಾಡಿನ ಗಿಡಗಳೂ ಇವೆ.

ಕಾಡಿನಲ್ಲಿ ಅಲೆಯುವಾಗ ಅವರ ಕಣ್ಣಿಗೆ ಬೇರೆ ಸಂಗತಿಯೂ ಬಿತ್ತು. ಒಳ್ಳೆಯ ಮರಗಳನ್ನು ಗುತ್ತಿಗೆದಾರರು ಲೆಕ್ಕವಿಲ್ಲದೆ ಕಡಿದು ಸಾಗಿಸುತ್ತಿದ್ದರು. ಕಡಿದ ಜಾಗದಲ್ಲಿ ಯಾರೂ ಮತ್ತೆ ನೆಡುತ್ತಿರಲಿಲ್ಲ. ಸ್ಟ್ರಾವಿತಿಯಲ್ಲಿ ಅವರು ಕಂಡ ಕ್ರಮಕ್ಕೆ ಇದು ತೀರ ವಿರುದ್ಧವಾಗಿತ್ತು.

ಜ್ವರದಿಂದ ಆರೋಗ್ಯ ಕೆಟ್ಟಿದ್ದರಿಂದ 1848ರಲ್ಲಿ ಅವರು ರಜೆಯ ಮೇಲೆ ಬ್ರಿಟನ್ನಿಗೆ ಹಿಂದಿರುಗಿದರು. ಅಲ್ಲಿ ವಿಜ್ಞಾನಿಗಳ ಒಂದು ದೊಡ್ಡ ಸಂಘವು ಉಷ್ಣವಲಯದ ಕಾಡುಗಳು ನಾಶವಾಗುವುದರಿಂದ ಏನಾಗುತ್ತದೆ ಎಂದು ತಿಳಿಸುವಂತೆ ಒಂದು ಸಮಿತಿಯನ್ನು ಕೇಳಿಕೊಂಡಿತು. ಕ್ಲೆಘಾರ್ನ್ ಅದರ ಮುಖ್ಯ ಸದಸ್ಯರಾಗಿದ್ದರು. 1851ರಲ್ಲಿ ವರದಿ ಹೊರಬಂತು. ಕಾಡು ಹೋದರೆ ಮರ ಮಾತ್ರವಲ್ಲ, ಮಣ್ಣು, ತೊರೆ, ಮಳೆಯ ನೀರು ನಿಲ್ಲುವ ಬಗೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ ಎಂಬ ವಿಷಯ ಹೀಗೆ ಸರ್ಕಾರದ ಕಿವಿಗೂ ಬಿತ್ತು.

ರೈಲು ಬಂತು, ಮರ ಬೇಕಾಯಿತು

ಕ್ಲೆಘಾರ್ನ್ ಮತ್ತೆ ಮದರಾಸಿಗೆ ಬಂದು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದುದರ ಹಿಂದೆಯೂ ಅವರ ಸಲಹೆ ಇತ್ತು.

ಅದೇ 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಮದರಾಸಿನ ರಾಯಪುರಂನಿಂದ ವಾಲಾಜಾ ರಸ್ತೆಯವರೆಗೆ ಓಡಿತು. ದೂರ ಸುಮಾರು 100 ಕಿಲೋಮೀಟರ್.

ಈಗ ಒಂದು ಲೆಕ್ಕ ಮಾಡೋಣ. ರೈಲು ಹಳಿಯ ಕೆಳಗೆ ಅಡ್ಡಡ್ಡಲಾಗಿ ಸ್ಲೀಪರುಗಳನ್ನು ಇಡುತ್ತಾರೆ. ಇಂದು ಅವು ಕಾಂಕ್ರೀಟಿನವು. ಆಗ ಅವೆಲ್ಲ ಮರದ ತೊಲೆಗಳು. ಒಂದೊಂದೂ ಸುಮಾರು 9 ಅಡಿ ಉದ್ದ. ಒಂದು ಗಜಕ್ಕೆ, ಅಂದರೆ ಮೂರು ಅಡಿಗೆ, ಒಂದರಂತೆ ಇಟ್ಟರೂ ಒಂದು ಕಿಲೋಮೀಟರಿಗೆ ಸುಮಾರು 1,100 ಸ್ಲೀಪರ್ ಬೇಕು. ನೂರು ಕಿಲೋಮೀಟರಿಗೆ? ಒಂದು ಲಕ್ಷಕ್ಕೂ ಹೆಚ್ಚು! ಮಳೆ ಮತ್ತು ಗೆದ್ದಲಿಗೆ ಸಿಕ್ಕಿ ಅವು ಕೆಲವೇ ವರ್ಷಗಳಲ್ಲಿ ಹಾಳಾಗುತ್ತಿದ್ದವು. ಆಗ ಮತ್ತೆ ಹೊಸ ಸ್ಲೀಪರ್ ಬೇಕು.

ಇಷ್ಟೇ ಅಲ್ಲ. ಉಗಿಬಂಡಿಯ ಒಲೆಗೂ ಹೊಟ್ಟೆ ತುಂಬಬೇಕಲ್ಲ! ಕಲ್ಲಿದ್ದಲು ಬಂಗಾಳದಿಂದಲೋ ಇಂಗ್ಲೆಂಡಿನಿಂದಲೋ ಹಡಗಿನಲ್ಲಿ ಬರಬೇಕಾಗಿತ್ತು. ಅದು ದುಬಾರಿ. ಆದ್ದರಿಂದ ಮದರಾಸಿನ ರೈಲುಗಳು ಬಹಳ ಕಾಲ ಸೌದೆಯನ್ನೇ ಉರಿಸಿದವು. ಒಂದು ಮನೆಯ ಒಲೆಗೆ ದಿನಕ್ಕೆ ಒಂದು ಹೊರೆ ಸೌದೆ ಸಾಕು. ರೈಲಿನ ಒಲೆಗೆ ಅಂಥ ಎಷ್ಟು ಹೊರೆ ಬೇಕಾಗಿತ್ತು, ನೀವೇ ಊಹಿಸಿ.

ಮದರಾಸು ಸರ್ಕಾರಕ್ಕೆ ಗಾಬರಿಯಾಯಿತು. ಕಾಡು ನೋಡಿಕೊಳ್ಳಲು ಒಂದು ಇಲಾಖೆಯನ್ನೇ ತೆರೆದು, 1856ರಲ್ಲಿ ಕ್ಲೆಘಾರ್ನ್ ಅವರನ್ನು ಅದರ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯನ್ನಾಗಿ ಮಾಡಿತು.

ಕೊಳ್ಳೇಗಾಲ ಇಲ್ಲಿಗೆ ಹೇಗೆ ಬರುತ್ತದೆ ಎಂದು ಕೇಳಿದಿರಾ? ಆಗ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದು ಬೇರೆ ತಾಲ್ಲೂಕಾಗಿರುವ ಹನೂರು ಕೂಡ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರ ವಂಶದವರ ಜಹಗೀರಾಗಿತ್ತು. ಹತ್ತಿರ ಹತ್ತಿರದ ಊರುಗಳಾದರೂ ಸರ್ಕಾರಗಳು ಬೇರೆ! ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹೀಗೆ ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡುಗಳು ಕ್ಲೆಘಾರ್ನ್ ಇಲಾಖೆಯ ವ್ಯಾಪ್ತಿಗೆ ಬಂದವು.

ಗಟ್ಟಿ ಮರ, ಮೆದು ಮರ

ಹೊಸ ಅಧಿಕಾರಿ ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ಪಶ್ಚಿಮ ಘಟ್ಟ, ಆನೆಮಲೆ, ನೀಲಗಿರಿಗಳನ್ನು ಸುತ್ತಿದರು. ಅವರ ಮುಂದಿದ್ದ ದೊಡ್ಡ ಪ್ರಶ್ನೆ ಯಾವ ಮರವನ್ನು ಯಾವ ಕೆಲಸಕ್ಕೆ ಬಳಸಬೇಕು ಎಂಬುದು. ಎಲ್ಲರೂ ತೇಗವನ್ನೇ ಕೇಳಿದರೆ ತೇಗ ಉಳಿಯುವುದಿಲ್ಲ. ತೇಗದ ಬದಲು ಬೇರೆ ಯಾವ ಗಟ್ಟಿ ಮರ ಬಾಳಿಕೆ ಬಂದೀತು? ಸುಡುವುದಕ್ಕೆ ಯಾವುದು ಸಾಕು?

ಇದನ್ನು ತಿಳಿಯಲು ನಾವು ಒಂದು ಕೊರಡಿನ ಒಳಗೆ ಇಣುಕಬೇಕು. ಕೊಯ್ದ ಕೊರಡಿನ ತುದಿಯನ್ನು ನೋಡಿ. ನಡುವೆ ಬಣ್ಣ ಗಾಢವಾಗಿರುವ ಭಾಗವೇ ಚೇಗು. ಅದರ ಸುತ್ತ ತೊಗಟೆಯ ಕಡೆಗೆ ಬಿಳಿಚಿಕೊಂಡ ಮರ. ನೀರು ಮೇಲಕ್ಕೆ ಏರುವುದು ಈ ಹೊರಗಿನ ಭಾಗದಲ್ಲಿ. ಚೇಗಿನಲ್ಲಿ ನೀರಿನ ಓಡಾಟ ನಿಂತಿರುತ್ತದೆ. ಅಲ್ಲಿ ಹುಳುವಿಗೆ ಒಗ್ಗದ ಅಂಟು, ಎಣ್ಣೆಯಂಥ ವಸ್ತುಗಳು ಸೇರಿಕೊಂಡಿರುತ್ತವೆ. ಆದ್ದರಿಂದಲೇ ಚೇಗಿನ ತೊಲೆ ಗೆದ್ದಲಿಗೆ ಬೇಗ ಜಗ್ಗುವುದಿಲ್ಲ.

ಸಸ್ಯಶಾಸ್ತ್ರಜ್ಞರು ಗಟ್ಟಿ ಮರ, ಮೆದು ಮರ ಎಂದು ವಿಂಗಡಿಸುವಾಗ ಒಂದು ವಿಚಿತ್ರ ಮಾಡುತ್ತಾರೆ. ಹೂವು ಬಿಟ್ಟು ಕಾಯಿಯೊಳಗೆ ಬೀಜ ಇಡುವ ಮರಗಳೆಲ್ಲ ಅವರಿಗೆ ಗಟ್ಟಿ ಮರ. ಪೈನ್, ದೇವದಾರುಗಳಂತೆ ಶಂಕುವಿನಲ್ಲಿ ಬೀಜ ಬಿಡುವ ಮರಗಳು ಮೆದು ಮರ. ಈ ಲೆಕ್ಕದಲ್ಲಿ ಉಗುರಿನಿಂದ ಗೀರಿದರೆ ಗುರುತು ಬೀಳುವ ನಮ್ಮ ಬೂರುಗವೂ ಗಟ್ಟಿ ಮರವೇ! ಸೂಜಿಯಂಥ ಎಲೆ ಇರುವಂತೆ ಕಾಣುವ ಸರ್ವೆ ಕೂಡ ಹೂ ಬಿಡುವ ಗಟ್ಟಿ ಮರ. ನಮ್ಮ ಕಾಡಿನ ಮರಗಳು ಹೆಚ್ಚುಕಡಿಮೆ ಎಲ್ಲವೂ ಈ ಗುಂಪಿನವು. ಹಾಗಾಗಿ ನಮ್ಮ ಒಲೆಗೆ ಈ ವಿಂಗಡಣೆ ಅಷ್ಟಾಗಿ ಉಪಯೋಗವಿಲ್ಲ. ನಮಗೆ ಬೇಕಾದದ್ದು ಮರದ ಸಾಂದ್ರತೆ.

ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋಗ್ರಾಂ. ಅಷ್ಟೇ ಗಾತ್ರದ ಒಣ ಬೂರುಗ ಅದರ ಅರ್ಧದಷ್ಟೂ ತೂಗುವುದಿಲ್ಲ. ದಿಂಡಿಗ ಸುಮಾರು 900 ಕಿಲೋಗ್ರಾಂ ತೂಗುತ್ತದೆ. ಹನೂರು ಕಡೆಯ ಒಣ ಕಾಡಿನಲ್ಲಿ ಬೆಳೆಯುವ ಕಮರ ಮರದ ಚೇಗಂತೂ ನೀರಿಗಿಂತ ಭಾರ. ನೀರಿಗೆ ಹಾಕಿದರೆ ಮುಳುಗುತ್ತದೆ.

ಈಗ ಒಂದು ಆಶ್ಚರ್ಯದ ಸಂಗತಿ. ಚೆನ್ನಾಗಿ ಒಣಗಿದ ಒಂದು ಕಿಲೋ ಬೂರುಗವನ್ನೂ ಒಂದು ಕಿಲೋ ಜಾಲಿಯನ್ನೂ ಪೂರ್ತಿ ಸುಟ್ಟರೆ ಬರುವ ಶಾಖ ಹೆಚ್ಚುಕಡಿಮೆ ಒಂದೇ! ಎಲ್ಲ ಮರಗಳೂ ಬಹುಮಟ್ಟಿಗೆ ಒಂದೇ ಬಗೆಯ ವಸ್ತುಗಳಿಂದ ಆಗಿರುವುದೇ ಇದಕ್ಕೆ ಕಾರಣ. ಹಾಗಾದರೆ ಜಾಲಿಯ ಕೊರಡೇ ಏಕೆ ಹೆಚ್ಚು ಹೊತ್ತು ಬಾಳುತ್ತದೆ? ಒಂದೇ ಗಾತ್ರದ ಎರಡು ಕೊರಡು ತೆಗೆದುಕೊಂಡರೆ ಜಾಲಿಯಲ್ಲಿ ಮರದ ವಸ್ತು ಒತ್ತಾಗಿ ತುಂಬಿದೆ. ಬೂರುಗದಲ್ಲಿ ನಡುನಡುವೆ ಗಾಳಿಯೇ ಹೆಚ್ಚು. ಗಾಳಿ ಇರುವ ಮರ ಭಗ್ಗನೆ ಹತ್ತಿ ಬೇಗ ಮುಗಿಯುತ್ತದೆ. ಒತ್ತಾದ ಮರ ನಿಧಾನವಾಗಿ ಉರಿದು ಗಟ್ಟಿ ಕೆಂಡ ಬಿಡುತ್ತದೆ. ಅಜ್ಜಿಯ ಆಯ್ಕೆಯ ಹಿಂದಿನ ವಿಜ್ಞಾನ ಇದೇ.

ಕೊಡಲಿಯೋ, ಗರಗಸವೋ?

ಆಗ ಮರ ಕೊಯ್ಯುವ ಮಿಲ್ಲುಗಳು ಊರೂರಿನಲ್ಲಿ ಇರಲಿಲ್ಲ. ಉರುಳಿಸಿದ ಮರವನ್ನು ಕೊಡಲಿಯಿಂದ ಕೆತ್ತಿ ಚೌಕ ಮಾಡುವುದು ರೂಢಿಯಾಗಿತ್ತು. ದುಂಡನೆಯ ಕೊರಡನ್ನು ಚೌಕವಾಗಿ ಕೆತ್ತಿದರೆ ಸುತ್ತಲಿನ ಮರವೆಲ್ಲ ಚಕ್ಕೆಯಾಗಿ ಹೋಗುತ್ತದೆ. ಕೊಡಲಿಯಿಂದಲೇ ಹಲಗೆ ಮಾಡಹೊರಟರೆ ನಷ್ಟ ಇನ್ನೂ ಹೆಚ್ಚು.

ಗರಗಸದಿಂದ ಕೊಯ್ದರೆ ಹಾಗಲ್ಲ. ನೆಲದಲ್ಲಿ ಹಳ್ಳ ತೋಡಿ, ಅದರ ಮೇಲೆ ಕೊರಡನ್ನಿಟ್ಟು, ಒಬ್ಬ ಮೇಲೆ ನಿಂತು, ಇನ್ನೊಬ್ಬ ಹಳ್ಳದಲ್ಲಿ ನಿಂತು ಉದ್ದ ಗರಗಸವನ್ನು ಎಳೆಯುತ್ತಿದ್ದರು. ಕೆಳಗೆ ನಿಂತವನ ಕಣ್ಣು ಮೂಗಿಗೆಲ್ಲ ಹೊಟ್ಟು! ಕೆಲಸ ಕಷ್ಟದ್ದೇ. ಆದರೆ ಒಂದು ಕೊಯ್ತಕ್ಕೆ ಹೋಗುವುದು ಹಲ್ಲಿನ ಅಗಲದಷ್ಟು ಹೊಟ್ಟು ಮಾತ್ರ. ಒಂದೇ ಕೊರಡಿನಿಂದ ಹಲವು ಹಲಗೆ ಸಿಗುತ್ತವೆ. ಅಂದರೆ ಅಷ್ಟು ಹಲಗೆಗೆ ಕಡಿಯಬೇಕಾದ ಮರಗಳ ಸಂಖ್ಯೆ ಕಡಿಮೆಯಾಗುತ್ತದೆ. ಮಿಲ್ಲಿನಲ್ಲಿ ಮಿಕ್ಕ ಹೊರಚಕ್ಕೆಗಳೂ ವ್ಯರ್ಥವಲ್ಲ, ಅವು ಒಲೆಗೆ ಬರುತ್ತವೆ. ತೊಲೆಗೆ ಚೇಗು, ಒಲೆಗೆ ಚಕ್ಕೆ. ಒಂದು ಮರ ಎರಡು ಕೆಲಸ ಮಾಡಿದಂತಾಯಿತು.

ಹಸಿ ಮರದೊಳಗಿನ ನೀರು

ಆಗಿನ ಕಾಲದಲ್ಲಿ ದೊಡ್ಡ ಮರಗಳನ್ನು ಆನೆಗಳಿಂದ ಎಳೆಸಿ, ಹೊಳೆಗೆ ತಳ್ಳಿ, ನೀರಿನಲ್ಲಿ ತೇಲಿಸಿಕೊಂಡು ಹೋಗುತ್ತಿದ್ದರು. ಆದರೆ ಆಗಷ್ಟೇ ಕಡಿದ ತೇಗ ಚೆನ್ನಾಗಿ ತೇಲುವುದಿಲ್ಲ. ಮೈತುಂಬ ನೀರು! ಅದಕ್ಕೆ ಮರಗೆಲಸದವರು ಒಂದು ಉಪಾಯ ಮಾಡುತ್ತಿದ್ದರು. ನಿಂತ ಮರದ ಬುಡದಲ್ಲಿ ಸುತ್ತಲೂ ತೊಗಟೆಯನ್ನೂ ಹೊರಮರವನ್ನೂ ಬಳೆಯಂತೆ ಕೆತ್ತಿ ಬಿಡುವುದು. ಬೇರಿನಿಂದ ನೀರು ಏರುವುದು ನಿಲ್ಲುತ್ತದೆ. ಒಂದೆರಡು ವರ್ಷದಲ್ಲಿ ಮರ ನಿಂತಲ್ಲೇ ಒಣಗುತ್ತದೆ. ಆಮೇಲೆ ಕಡಿದರೆ ಹಗುರ, ತೇಲುತ್ತದೆ.

ಈ ನೀರಿನ ವಿಷಯ ನಮ್ಮ ಒಲೆಗೂ ಅಷ್ಟೇ ಮುಖ್ಯ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಲೆಗೆ ಹಾಕಿದಾಗ ಮೊದಲು ಆ ನೀರು ಕಾದು ಆವಿಯಾಗಬೇಕು. ಕುದಿಯುತ್ತಿರುವ ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 540 ಕಿಲೋ ಕ್ಯಾಲರಿ ಶಾಖ ಬೇಕು. ಅಷ್ಟು ಶಾಖದಲ್ಲಿ ಐದು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು! ಹಂಡೆಗೆ ಹೋಗಬೇಕಾದ ಶಾಖ ಹೀಗೆ ಸೌದೆಯ ನೀರಿಗೇ ಖರ್ಚಾಗುತ್ತದೆ.

ನೀರು ಹೋದ ಮೇಲೆ ಮರ ಬಿಸಿಯಾಗಿ ಅನಿಲಗಳನ್ನು ಬಿಡುತ್ತದೆ. ಉರಿಯುವುದು ಆ ಅನಿಲಗಳು. ಅದೇ ಜ್ವಾಲೆ. ಕೊನೆಗೆ ಉಳಿದ ಇದ್ದಿಲು ಕೆಂಡವಾಗಿ ಹೊಳೆಯುತ್ತದೆ. ಬಿಸಿ ಅಥವಾ ಗಾಳಿ ಸಾಲದಾದರೆ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಮನೆ ತುಂಬುತ್ತವೆ. ಹೊಗೆ ಎಂದರೆ ಉರಿಯದೆ ಹೋದ ಸೌದೆ. ಊದುಗೊಳವೆಯಿಂದ ಊದಿದಾಗ ಉರಿ ಏಳುವುದು ಗಾಳಿ ಸಿಕ್ಕಿದ್ದರಿಂದ.

ಸುಡುವುದಕ್ಕೆಂದೇ ಬೆಳೆದ ಮರ

ಕ್ಲೆಘಾರ್ನ್ ಅವರ ಲೆಕ್ಕದ ತಿರುಳು ಇಷ್ಟು. ನೂರು ವರ್ಷ ಬೆಳೆದ ಮರವನ್ನು ಒಂದು ದಿನದ ಉರಿಗೆ ಸುಡಬಾರದು. ಬಾಳಿಕೆ ಬರುವ ಮರ ಬಾಳಿಕೆಯ ಕೆಲಸಕ್ಕೆ ಹೋಗಲಿ. ಸುಡುವುದಕ್ಕೆ ಬೇಗ ಬೆಳೆಯುವ ಮರವನ್ನು ಬೇರೆಯಾಗಿಯೇ ನೆಟ್ಟು ಬೆಳೆಸಬೇಕು.

ಅವರ ಕಾಲದಲ್ಲಿ ನೀಲಗಿರಿಯ ಊಟಿಯಲ್ಲಿ ಚಳಿಗೆ ಸೌದೆ ಉರಿಸಲು ಶೋಲಾ ಕಾಡುಗಳನ್ನು ಕಡಿಯುತ್ತಿದ್ದರು. ಅದರ ಬದಲು ಆಸ್ಟ್ರೇಲಿಯಾದಿಂದ ಬಂದ ನೀಲಗಿರಿ ಮರವನ್ನೂ ಅಕೇಶಿಯಾವನ್ನೂ ಸೌದೆಗೆಂದು ನೆಡಲಾಯಿತು. ಮದರಾಸಿನ ಕರಾವಳಿಯ ಮರಳಿನಲ್ಲಿ ರೈಲಿನ ಸೌದೆಗಾಗಿ ಸರ್ವೆ ತೋಪುಗಳು ಎದ್ದವು. ಸರ್ವೆ ಬೇಗ ಬೆಳೆಯುತ್ತದೆ, ಆದರೂ ಗಟ್ಟಿ. ಒಳ್ಳೆಯ ಸೌದೆಗೆ ಇನ್ನೇನು ಬೇಕು? ಇಂದಿಗೂ ನಮ್ಮ ಕಡೆ ಹೊಲದಲ್ಲಿ ಸರ್ವೆ, ನೀಲಗಿರಿ ಬೆಳೆಯುವವರಿದ್ದಾರೆ.

ಆದರೆ ಎಲ್ಲವೂ ಒಳ್ಳೆಯದೇ ಆಗಲಿಲ್ಲ. ನೀಲಗಿರಿಯಲ್ಲಿ ನೆಟ್ಟ ಅಕೇಶಿಯಾ ಜಾತಿಗಳು ತೋಪಿನಲ್ಲಿ ನಿಲ್ಲದೆ ಅಲ್ಲಿನ ಹುಲ್ಲುಗಾವಲುಗಳಿಗೆಲ್ಲ ಹಬ್ಬಿ ಇಂದು ದೊಡ್ಡ ತೊಂದರೆಯಾಗಿವೆ. ಹೊರಗಿನ ಗಿಡ ತರುವ ಮೊದಲು ಅದು ಹೇಗೆ ಹರಡೀತು ಎಂದು ಯೋಚಿಸಬೇಕು ಎಂಬುದನ್ನು ವಿಜ್ಞಾನ ಕಲಿತದ್ದು ಇಂಥ ಅನುಭವದಿಂದಲೇ.

ಒಂದು ಕಡೆ ತಪ್ಪಿದ ಲೆಕ್ಕ

ದೊಡ್ಡವರ ಜೀವನ ಓದುವಾಗ ಅವರ ತಪ್ಪನ್ನೂ ನೋಡಬೇಕು. ಕ್ಲೆಘಾರ್ನ್ ಅವರು ಕುಮರಿ ಬೇಸಾಯವನ್ನು ಬಲವಾಗಿ ವಿರೋಧಿಸಿದರು. ಕುಮರಿ ಎಂದರೆ ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಬೂದಿಯ ಮೇಲೆ ಒಂದೆರಡು ವರ್ಷ ರಾಗಿ ಮುಂತಾದ ಬೆಳೆ ತೆಗೆದು, ಆಮೇಲೆ ಹಲವು ವರ್ಷ ಆ ಜಾಗವನ್ನು ಹಾಗೆಯೇ ಬಿಡುವುದು. ಬಿಟ್ಟ ಜಾಗದಲ್ಲಿ ಕಾಡು ಮತ್ತೆ ಏಳುತ್ತದೆ. ಕ್ಲೆಘಾರ್ನ್ ಅವರ ಕಣ್ಣಿಗೆ ಸುಟ್ಟ ಮರಗಳು ಕಂಡವು. 1860ರಲ್ಲಿ ಮದರಾಸು ಸರ್ಕಾರ ಅನುಮತಿಯಿಲ್ಲದೆ ಕುಮರಿ ಮಾಡುವಂತಿಲ್ಲ ಎಂದು ಆಜ್ಞೆ ಹೊರಡಿಸಿತು.

ರೈಲಿಗೆ ಎಷ್ಟು ಮರ ಹೋಗುತ್ತಿದೆ ಎಂಬುದೂ ಅವರಿಗೆ ಗೊತ್ತಿತ್ತು. ಅದನ್ನು ಬರೆದೂ ಇದ್ದರು. ಆದರೆ ರೈಲಿಗೆ ಮರ ಹೋಗುವುದು ನಿಲ್ಲಲಿಲ್ಲ, ಕುಮರಿ ಮಾಡುವವರ ಕೈ ನಿಂತಿತು. ಕಾಡು ಸರ್ಕಾರದ್ದಾಯಿತು. ಕಾಡಿನೊಳಗೇ ಹುಟ್ಟಿ ಬೆಳೆದವರು ಸೌದೆಗೂ ಜೇನಿಗೂ ಇನ್ನೊಬ್ಬರ ಅಪ್ಪಣೆ ಕೇಳುವ ಕಾಲ ಬಂತು. 1882ರ ಮದರಾಸು ಅರಣ್ಯ ಕಾಯಿದೆಯ ನಂತರ ಈ ಕಟ್ಟುಪಾಡು ಇನ್ನೂ ಬಿಗಿಯಾಯಿತು.

ನಮ್ಮ ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸೋಲಿಗರನ್ನು ನೆನೆಯಿರಿ. ಅವರೂ ಹಿಂದೆ ಹೀಗೆ ಜಾಗ ಬದಲಿಸಿ ಬೇಸಾಯ ಮಾಡುತ್ತಿದ್ದರು. ಬೇಸಿಗೆಯ ಮೊದಲಲ್ಲಿ ನೆಲದ ಒಣ ತರಗಿಗೆ ಮಾತ್ರ ತಗಲುವಂತೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ಅದು ನಿಂತ ಮೇಲೆ ಲಂಟಾನ ಪೊದೆ ಕಾಡೆಲ್ಲ ತುಂಬಿತು, ನೆಲ್ಲಿ ಮರಗಳಲ್ಲಿ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತಾರೆ. ಈಚಿನ ಸಂಶೋಧಕರೂ ಅವರ ಮಾತನ್ನು ಗಮನವಿಟ್ಟು ಪರೀಕ್ಷಿಸಿದ್ದಾರೆ. ಕಾಡನ್ನು ಸುಡುವ ಬೆಂಕಿ ಬೇರೆ, ಕಾಡನ್ನು ಕಾಯುವ ಬೆಂಕಿ ಬೇರೆ ಇರಬಹುದು. ಆ ವ್ಯತ್ಯಾಸವನ್ನು ಕ್ಲೆಘಾರ್ನ್ ಅವರ ಇಲಾಖೆ ಕಾಡಿನ ಜನರನ್ನು ಕೇಳಿ ತಿಳಿಯಲಿಲ್ಲ. ಶಿವಮೊಗ್ಗದಲ್ಲಿ ಗಿಡದ ಹೆಸರನ್ನು ಕೇಳಿ ಬರೆದುಕೊಂಡವರು ಈ ಒಂದು ವಿಷಯವನ್ನು ಕೇಳದೆ ಹೋದರು.

ಆ ಹಳೆಯ ಲೆಕ್ಕ ಸ್ವಲ್ಪ ಮಟ್ಟಿಗೆ ಸರಿಯಾಗಲು ಬಹಳ ಕಾಲ ಹಿಡಿಯಿತು. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಲವು ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹಬ್ಬಿದ ಲಂಟಾನವನ್ನು ಕಡಿದು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವ ಕೆಲಸವನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಲಿತರು.

ಹಿಮಾಲಯದಿಂದ ಸ್ಟ್ರಾವಿತಿಗೆ

ಕ್ಲೆಘಾರ್ನ್ ತಮ್ಮ ಅನುಭವವನ್ನೆಲ್ಲ ಸೇರಿಸಿ 1861ರಲ್ಲಿ ದಕ್ಷಿಣ ಭಾರತದ ಕಾಡು ಮತ್ತು ಉದ್ಯಾನಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಆಮೇಲೆ ಸರ್ಕಾರ ಅವರನ್ನು ಪಂಜಾಬಿಗೆ ಕರೆಸಿಕೊಂಡಿತು. ಹಿಮಾಲಯದ ದೇವದಾರು ಕಾಡುಗಳನ್ನು ಸುತ್ತಿ 1864ರಲ್ಲಿ ಅವರು ವರದಿ ಕೊಟ್ಟರು. ಅಲ್ಲಿ ಅವರು ನಿಜವಾದ ಮೆದು ಮರಗಳ ನಡುವೆ ಕೆಲಸ ಮಾಡಿದರು. ದೇವದಾರು ಮೆದು ಮರದ ಗುಂಪಿನದ್ದಾದರೂ ಅದರಲ್ಲಿರುವ ಎಣ್ಣೆಯಿಂದಾಗಿ ಬಹಳ ಕಾಲ ಬಾಳುತ್ತದೆ.

1864ರಲ್ಲಿ ಇಡೀ ಭಾರತಕ್ಕೆ ಅರಣ್ಯ ಇಲಾಖೆ ಬಂತು. ಅದರ ಮೊದಲ ಮುಖ್ಯಸ್ಥರಾದ ಡೀಟ್ರಿಚ್ ಬ್ರಾಂಡಿಸ್ ರಜೆಯಲ್ಲಿದ್ದಾಗ ಕ್ಲೆಘಾರ್ನ್ ಅವರ ಜಾಗದಲ್ಲಿ ಕೆಲಸ ಮಾಡಿದರು. ಕೊನೆಗೆ ಸ್ಕಾಟ್ಲೆಂಡಿಗೆ ಮರಳಿ ಅಲ್ಲಿ ಅರಣ್ಯಶಾಸ್ತ್ರ ಕಲಿಸುವ ಏರ್ಪಾಟಿಗಾಗಿ ದುಡಿದರು. ತಾನು ಬೆಳೆದ ಸ್ಟ್ರಾವಿತಿಯಲ್ಲಿಯೇ 1895ರ ಮೇ 16ರಂದು ತೀರಿಕೊಂಡರು. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಒಂದು ಸಸ್ಯ ಜಾತಿಗೆ ಕ್ಲೆಘಾರ್ನಿಯಾ ಎಂದು ಇವರ ಹೆಸರನ್ನೇ ಇಟ್ಟಿದ್ದಾರೆ.

ಈಗ ನಮ್ಮ ಸರದಿ

ಇಂದು ರೈಲಿಗೆ ಸೌದೆ ಬೇಡ. ಆದರೂ ಮನೆಯ ಒಲೆಗಳು ಉರಿಯುತ್ತಲೇ ಇವೆ. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಸೇರುವುದು ಸೌದೆಯ ಶಾಖದಲ್ಲಿ ಸುಮಾರು ಹತ್ತನೇ ಒಂದು ಪಾಲು. ಉಳಿದದ್ದು ಗಾಳಿಗೆ! ಹೊಗೆ ಅಮ್ಮನ ಕಣ್ಣಿಗೆ, ಶ್ವಾಸಕೋಶಕ್ಕೆ. ಇದನ್ನು ಕಂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಅಸ್ತ್ರ ಒಲೆಯನ್ನು ರೂಪಿಸಿದರು. ಅದರಲ್ಲಿ ಸೌದೆಯ ಕೆಳಗಿನಿಂದ ಗಾಳಿ ಬರಲು ಜಾಲರಿ ಇದೆ. ಬಿಸಿ ಗಾಳಿ ಒಂದಾದ ಮೇಲೊಂದು ಪಾತ್ರೆಗೆ ತಗಲಿ ಕೊನೆಗೆ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಸೌದೆಯೂ ಉಳಿಯಿತು, ಮನೆಯೊಳಗಿನ ಹೊಗೆಯೂ ಕಡಿಮೆಯಾಯಿತು. ಮರ ಉಳಿಸಲು ಕಾಡಿಗೆ ಬೇಲಿ ಹಾಕುವುದು ಒಂದೇ ದಾರಿಯಲ್ಲ. ಒಲೆಯನ್ನು ಸರಿಮಾಡುವುದೂ ಒಂದು ದಾರಿ.

ಕ್ಲೆಘಾರ್ನ್ ಅವರಿಂದ ನಾವು ಕಲಿಯಬಹುದಾದದ್ದು ದಿನಕ್ಕೊಂದು ಗಿಡ ನೋಡುವ ಅಭ್ಯಾಸ, ಉರಿಸುವ ಮೊದಲು ಲೆಕ್ಕ ಹಾಕುವ ಅಭ್ಯಾಸ. ಅವರು ಬಿಟ್ಟುಹೋದದ್ದನ್ನು ನಾವು ಸೇರಿಸಿಕೊಳ್ಳೋಣ. ಕಾಡಿನ ಪಕ್ಕ ಬದುಕುವವರನ್ನೂ, ಒಲೆಯ ಮುಂದೆ ಕೂರುವವರನ್ನೂ ಕೇಳಿ ತಿಳಿಯೋಣ.

ಮಾಡಿ ನೋಡಿ

1. ಮರ ಕೊಯ್ಯುವ ಮಿಲ್ಲಿನಿಂದಲೋ ಬಡಗಿಯ ಬಳಿಯಿಂದಲೋ ಬೇರೆ ಬೇರೆ ಮರದ ಒಣ ತುಂಡುಗಳನ್ನು ಕೇಳಿ ತನ್ನಿ. ಬಕೆಟ್ಟಿನ ನೀರಿನಲ್ಲಿ ಬಿಡಿ. ಯಾವುದು ಮೇಲೆ ತೇಲುತ್ತದೆ? ಯಾವುದು ಹೆಚ್ಚು ಮುಳುಗಿದೆ? ಹಗುರದಿಂದ ಭಾರಕ್ಕೆ ಸಾಲಾಗಿ ಜೋಡಿಸಿ ಹೆಸರು ಬರೆಯಿರಿ.

2. ಹೊಲದ ಬೇಲಿ ಸವರಿದಾಗ ಸಿಕ್ಕ ಒಂದು ಹಸಿ ಕೊಂಬೆಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ. ನೆರಳು, ಗಾಳಿ ಇರುವ ಕಡೆ ನೆಲಕ್ಕೆ ತಾಗದಂತೆ ಇಡಿ. ವಾರಕ್ಕೊಮ್ಮೆ ತೂಗಿ ಬರೆಯಿರಿ. ತೂಕ ಇಳಿಯುವುದು ನಿಂತಾಗ ಲೆಕ್ಕ ಮಾಡಿ: ಕಡಿಮೆಯಾದ ತೂಕವನ್ನು ಮೊದಲಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿ. ಶೇಕಡಾ ಎಷ್ಟು ನೀರು ಹೋಯಿತು?

3. ಮನೆಯ ಹಿರಿಯರನ್ನು ಕೇಳಿ ಹತ್ತು ಮರಗಳ ಪಟ್ಟಿ ಮಾಡಿ. ಯಾವುದು ನೇಗಿಲಿಗೆ, ಯಾವುದು ಬಾಗಿಲಿಗೆ, ಯಾವುದು ಒಲೆಗೆ? ಯಾವ ಮರವನ್ನು ಸುಡಬಾರದು ಎನ್ನುತ್ತಾರೆ, ಏಕೆ?

ಎಚ್ಚರಿಕೆ: ಪ್ರಯೋಗಕ್ಕಾಗಿ ಜೀವಂತ ಮರದ ಕೊಂಬೆ ಮುರಿಯಬೇಡಿ. ದೊಡ್ಡವರಿಲ್ಲದೆ ಬೆಂಕಿ ಹಚ್ಚಬೇಡಿ.